ರೈತನ ಪ್ರಶ್ನೆ, ಮಂತ್ರಿಗಳ ಉತ್ತರ: ಕೇಳಿಸುವುದು ಹೇಗೆ, ಓದುವುದು ಹೇಗೆ?

ಬೀಜ, ಗೊಬ್ಬರ, ರೋಗ, ಕೀಟ ಇವುಗಳ ವಿಷಯವನ್ನು ರೈತ ಬಾಂಧವರು ಈ ಪುಟದಲ್ಲಿ ವಾರವಾರವೂ ಓದುತ್ತೀರಿ. ಆದರೆ ಹುಳು ಬೀಳದೆ, ಮಳೆಯೂ ಕೈಕೊಡದೆ, ಬೆಳೆ ಕಣಕ್ಕೆ ಬಂದ ಮೇಲೂ ರೈತ ನಷ್ಟಕ್ಕೆ ಸಿಕ್ಕುವುದುಂಟು. ಮೂಟೆ ಇಳಿಸುವ ಹೊತ್ತಿಗೆ ಮಂಡಿಯವರು, "ಮೇಲಿಂದ ಆರ್ಡರ್ ಬಂದಿದೆಯಂತೆ, ರೇಟು ಬಿದ್ದುಹೋಯಿತು" ಎನ್ನುತ್ತಾರೆ. ರೈತ ಸಿಕ್ಕಿದ ಬೆಲೆಗೆ ಕೊಟ್ಟು ಮನೆಗೆ ಬರುತ್ತಾನೆ. ಆ 'ಮೇಲು' ಯಾವುದು, ಆರ್ಡರ್ ಮಾಡಿದವರು ಯಾರು, ಏಕೆ ಮಾಡಿದರು, ಎಷ್ಟು ದಿನ ಇರುತ್ತದೆ ಎಂದು ವಿಚಾರಿಸುವವರು ಕಡಿಮೆ.

ಇದನ್ನು ವಿಚಾರಿಸಲು ಒಂದು ಜಾಗವಿದೆ. ಅದೇ ಸಂಸತ್ತಿನ ಪ್ರಶ್ನೋತ್ತರ ವೇಳೆ. ಲೋಕಸಭೆಯಲ್ಲಿ ಬೆಳಗ್ಗೆ 11ರಿಂದ 12 ಗಂಟೆಯವರೆಗೆ, ರಾಜ್ಯಸಭೆಯಲ್ಲಿ 2014ರ ಚಳಿಗಾಲದ ಅಧಿವೇಶನದಿಂದೀಚೆಗೆ ಮಧ್ಯಾಹ್ನ 12ರಿಂದ 1 ಗಂಟೆಯವರೆಗೆ ಇದು ನಡೆಯುತ್ತದೆ. ಸದಸ್ಯರು ಕೇಳಿದ ಪ್ರಶ್ನೆ ಅಂಗೀಕೃತವಾದರೆ ಸಂಬಂಧಪಟ್ಟ ಮಂತ್ರಿ ಉತ್ತರ ಕೊಡಲೇಬೇಕು. ಚುನಾವಣಾ ಸಭೆಯಲ್ಲಿ ಆಡಿದ ಮಾತನ್ನು ಮರುದಿನ ಇಲ್ಲವೆನ್ನಬಹುದು. ಸದನದಲ್ಲಿ ಕೊಟ್ಟ ಉತ್ತರ ದಾಖಲೆಗೆ ಸೇರಿಹೋಗುತ್ತದೆ. ತಪ್ಪಿದ್ದರೆ ಮಂತ್ರಿಯೇ ಸದನದ ಮುಂದೆ ತಿದ್ದುಪಡಿ ಹೇಳಿಕೆ ಕೊಡಬೇಕು. ತಿಳಿದೂ ತಿಳಿದೂ ಸದನವನ್ನು ದಾರಿ ತಪ್ಪಿಸಿದರೆ ಹಕ್ಕುಚ್ಯುತಿಯಾಗುತ್ತದೆ. ಹೀಗಾಗಿ ಬೆಲೆ, ಸುಂಕ, ಸಾಗಣೆ, ರಫ್ತು, ಆಮದು ಇವುಗಳ ವಿಷಯದಲ್ಲಿ ಸರ್ಕಾರದಿಂದ ಅಂಕಿ ಅಂಶವನ್ನು ಬರಹದಲ್ಲಿ ಪಡೆಯಲು ಇದಕ್ಕಿಂತ ನೇರವಾದ ಮಾರ್ಗ ಕಡಿಮೆ. ರೈತರು ಈ ಮಾರ್ಗವನ್ನು ಬಳಸಿಕೊಳ್ಳುವುದು ಹೇಗೆಂಬುದೇ ಈ ಲೇಖನದ ಉದ್ದೇಶ.

ಮೊದಲ ಪ್ರಶ್ನೆಯೇ ಹಳ್ಳಿಯದು

ನಮ್ಮ ದೇಶದ ಶಾಸನಸಭೆಯಲ್ಲಿ ಸರ್ಕಾರವನ್ನು ಪ್ರಶ್ನಿಸುವ ಹಕ್ಕು ದೊರೆತದ್ದು 1892ರ ಭಾರತೀಯ ಕೌನ್ಸಿಲುಗಳ ಕಾಯಿದೆಯಿಂದ. ಮೊತ್ತಮೊದಲ ಪ್ರಶ್ನೆಯನ್ನು 1893ರ ಫೆಬ್ರವರಿ 16ರಂದು ಭಿಂಗಾದ ಮಹಾರಾಜರು ಕೇಳಿದರು. ಭಿಂಗಾ ಈಗಿನ ಉತ್ತರ ಪ್ರದೇಶದಲ್ಲಿದೆ. ಪ್ರಶ್ನೆಯ ವಿಷಯ ಹಳ್ಳಿಗೆ ಸಂಬಂಧಿಸಿದ್ದೇ ಆಗಿತ್ತು. ಸರ್ಕಾರಿ ಅಧಿಕಾರಿಗಳು ಸರ್ಕೀಟು ಬಂದಾಗ ಅವರ ಬಿಡಾರಕ್ಕೆ ದಿನಸಿ ಒದಗಿಸಬೇಕಾಗಿ ಬಂದು ಹಳ್ಳಿಯ ಅಂಗಡಿಯವರು ಪಡುತ್ತಿದ್ದ ತೊಂದರೆಯನ್ನು ಅವರು ಪ್ರಸ್ತಾಪಿಸಿದರು. ಆಗ ಉತ್ತರ ಕೇಳಿಕೊಂಡು ಸುಮ್ಮನೆ ಕೂರಬೇಕಿತ್ತು. ಉತ್ತರದ ಮೇಲೆ ಉಪಪ್ರಶ್ನೆ ಹಾಕುವ ಅವಕಾಶ ಮೂಲ ಪ್ರಶ್ನೆ ಕೇಳಿದವರಿಗೆ 1909ರ ಸುಧಾರಣೆಯಿಂದ, ಉಳಿದ ಸದಸ್ಯರಿಗೆ 1919ರ ಸುಧಾರಣೆಯಿಂದ ಬಂತು.

ನಮ್ಮ ಮೈಸೂರು ಸಂಸ್ಥಾನದಲ್ಲಿ ಇದಕ್ಕೂ ಮೊದಲೇ, 1881ರಲ್ಲಿ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಪ್ರಾರಂಭವಾಯಿತು. ದಸರೆಯ ಸಮಯದಲ್ಲಿ ಜಮೀನುದಾರರೂ ವರ್ತಕರೂ ಸೇರಿ 144 ಮಂದಿ ಮೈಸೂರಿನಲ್ಲಿ ಕಲೆತರು. ದಿವಾನರು ಆಡಳಿತದ ವರದಿ ಓದುತ್ತಿದ್ದರು, ಪ್ರತಿನಿಧಿಗಳು ತಮ್ಮ ತಾಲ್ಲೂಕಿನ ಅಹವಾಲು ಹೇಳಿಕೊಳ್ಳುತ್ತಿದ್ದರು. ಆ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಆದರೂ ಆಳುವವರ ಮುಂದೆ ನಿಂತು ಊರಿನ ಕಷ್ಟ ಹೇಳುವ ರೂಢಿ ನಮ್ಮಲ್ಲಿ ಹೀಗೆ ಹಳೆಯದು.

ಪ್ರಶ್ನೆಗಳಲ್ಲಿ ಎರಡು ಬಗೆ

ಪ್ರಶ್ನೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಚುಕ್ಕೆ ಗುರುತಿನ ಪ್ರಶ್ನೆ. ಇದಕ್ಕೆ ಮಂತ್ರಿ ಸದನದಲ್ಲಿ ನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಎರಡನೆಯದು ಚುಕ್ಕೆ ಗುರುತಿಲ್ಲದ ಪ್ರಶ್ನೆ. ಇದಕ್ಕೆ ಲಿಖಿತ ಉತ್ತರ ಬರುತ್ತದೆ, ಉಪಪ್ರಶ್ನೆಗೆ ಅವಕಾಶವಿಲ್ಲ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನವು 20, ಚುಕ್ಕೆ ಗುರುತಿಲ್ಲದವು 230 ಪಟ್ಟಿಗೆ ಬರುತ್ತವೆ. ಒಬ್ಬ ಸದಸ್ಯರಿಗೆ ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆ ಒಂದೇ.

ಇಪ್ಪತ್ತು ಪ್ರಶ್ನೆಗಳೂ ಒಂದು ತಾಸಿನಲ್ಲಿ ಮುಗಿಯುವುದು ಬಲು ಅಪರೂಪ. 2019ರ ನವೆಂಬರ್ 27ರಂದು ಲೋಕಸಭೆಯಲ್ಲಿ ಇಪ್ಪತ್ತೂ ಮುಗಿದಾಗ, 1972ರ ನಂತರ ಹೀಗಾದದ್ದು ಅದೇ ಮೊದಲು ಎಂದು ಪತ್ರಿಕೆಗಳು ಬರೆದವು. ಸರದಿ ಬಾರದ ಪ್ರಶ್ನೆಗಳಿಗೆ ಲಿಖಿತ ಉತ್ತರ ದೊರೆಯುತ್ತದೆ. ಆದುದರಿಂದ ಚುಕ್ಕೆ ಗುರುತು ಸಿಗಲಿಲ್ಲವೆಂದು ಬೇಸರಪಡಬೇಕಾಗಿಲ್ಲ. ಟನ್ನು, ಕ್ವಿಂಟಲು, ರೂಪಾಯಿ ಲೆಕ್ಕ ಬೇಕಾದವರಿಗೆ ಲಿಖಿತ ಉತ್ತರವೇ ಹೆಚ್ಚು ಉಪಯುಕ್ತ. ಜಿಲ್ಲಾವಾರು, ರಾಜ್ಯವಾರು ಪಟ್ಟಿಗಳು ಅದಕ್ಕೆ ಅನುಬಂಧವಾಗಿ ಬರುವುದುಂಟು.

ಪ್ರಶ್ನೆ ಕೊಡಲು ಕ್ರಮವಿದೆ. 15 ದಿನಗಳ ಮುಂಚೆ ನೋಟಿಸು ಕೊಡಬೇಕು. ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರಬಾರದು. ಅದರಲ್ಲಿ ವಾದ, ಮೂದಲಿಕೆ, ಆರೋಪ ಇರಬಾರದು. ಬಂದ ನೋಟಿಸುಗಳು ಬಹಳವಾದ್ದರಿಂದ ಚೀಟಿ ಎತ್ತಿ ಆದ್ಯತೆ ಗೊತ್ತುಮಾಡುತ್ತಾರೆ. ಮಂತ್ರಿ ಖಾತೆಗಳನ್ನು ಐದು ಗುಂಪು ಮಾಡಿ ಒಂದೊಂದು ಗುಂಪಿಗೆ ವಾರದಲ್ಲಿ ಒಂದೊಂದು ದಿನ ಗೊತ್ತುಪಡಿಸಿರುತ್ತಾರೆ. ಊರಿನ ಸಂತೆಗೆ ವಾರ ಇರುವ ಹಾಗೆಯೇ ಕೃಷಿಗೆ ಒಂದು ದಿನ, ರೈಲ್ವೆಗೆ ಒಂದು ದಿನ ಎಂದು ತಿಳಿಯಿರಿ.

ಒಂದು ಈರುಳ್ಳಿಗೆ ನಾಲ್ಕು ಇಲಾಖೆ

ಪ್ರಶ್ನೆ ಹುಸಿಹೋಗುವುದು ಹೆಚ್ಚಾಗಿ ಯಾರನ್ನು ಕೇಳಬೇಕೋ ಅವರನ್ನು ಕೇಳದೆ ಇರುವುದರಿಂದ. ಈರುಳ್ಳಿಯನ್ನೇ ತೆಗೆದುಕೊಳ್ಳಿ. ಬೆಳೆ, ವಿಸ್ತೀರ್ಣ, ಇಳುವರಿ ಇವು ಕೃಷಿ ಖಾತೆಗೆ ಸೇರಿವೆ. ರಫ್ತು ನಿಷೇಧವನ್ನೂ ಕನಿಷ್ಠ ರಫ್ತು ಬೆಲೆಯನ್ನೂ ವಾಣಿಜ್ಯ ಖಾತೆಯ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಹೊರಡಿಸುತ್ತದೆ. ರಫ್ತು ಸುಂಕ ಹಾಕುವುದು ಹಣಕಾಸು ಖಾತೆ. ಪೇಟೆಯಲ್ಲಿ ಬೆಲೆ ಏರಿದಾಗ ಬಿಡುಗಡೆ ಮಾಡಲು ಈರುಳ್ಳಿ ಖರೀದಿಸಿ ದಾಸ್ತಾನು ಇಡಿಸುವುದು ಗ್ರಾಹಕ ವ್ಯವಹಾರ ಖಾತೆ. ಸುಂಕದ ವಿಷಯವನ್ನು ಕೃಷಿ ಮಂತ್ರಿಗಳಿಗೆ ಕೇಳಿದರೆ ನಿಮಗೆ ಬೇಕಾದ ಉತ್ತರ ಬರುವ ಸಂಭವ ಕಡಿಮೆ.

ರೈಲಿನ ಉದಾಹರಣೆಯೂ ಹಾಗೆಯೇ. ಹಣ್ಣು ತರಕಾರಿ ಸಾಗಿಸುವ ಕಿಸಾನ್ ರೈಲು ಮೊದಲು ಹೊರಟದ್ದು 2020ರ ಆಗಸ್ಟ್ 7ರಂದು, ಮಹಾರಾಷ್ಟ್ರದ ದೇವಳಾಲಿಯಿಂದ ಬಿಹಾರದ ದಾನಾಪುರಕ್ಕೆ. 2021ರ ಜೂನ್‌ನಲ್ಲಿ ನಮ್ಮ ಕೋಲಾರ ಜಿಲ್ಲೆಯ ಮಾವು ಈ ರೈಲಿನಲ್ಲಿ ದೆಹಲಿಗೆ ಹೋಯಿತು. ರೈಲು ರೈಲ್ವೆಯದಾದರೂ, ಪ್ರಾರಂಭದಲ್ಲಿ ಬಾಡಿಗೆಯ ಮೇಲೆ ದೊರೆತ ಶೇಕಡಾ 50ರ ಸಹಾಯಧನ ಆಹಾರ ಸಂಸ್ಕರಣಾ ಖಾತೆಯ ಯೋಜನೆಯಿಂದ ಬರುತ್ತಿತ್ತು. ಗಾಡಿ ಎಷ್ಟು ಬಾರಿ ಓಡಿತು, ಯಾವ ನಿಲ್ದಾಣದಲ್ಲಿ ನಿಂತಿತು ಎಂಬುದು ರೈಲ್ವೆ ಮಂತ್ರಿಗಳಿಗೆ ಕೇಳುವ ಪ್ರಶ್ನೆ. ಸಹಾಯಧನದ ಹಣ ಎಲ್ಲಿಂದ ಬಂತು, ಎಲ್ಲಿಯವರೆಗೆ ಬಂತು ಎಂಬುದಕ್ಕೆ ಆಹಾರ ಸಂಸ್ಕರಣಾ ಮಂತ್ರಿಗಳು ಉತ್ತರಿಸಬೇಕು.

ದೆಹಲಿಗೆ ಯಾವುದು, ಬೆಂಗಳೂರಿಗೆ ಯಾವುದು ಎಂಬುದನ್ನೂ ತಿಳಿದಿರಬೇಕು. ಎಪಿಎಂಸಿ ಆವರಣದ ತೂಕ, ಶೆಡ್ಡು, ಹರಾಜಿನ ಕ್ರಮ, ಊರಿನ ರಸ್ತೆ, ಕೆರೆ ಇವು ರಾಜ್ಯಕ್ಕೆ ಸೇರಿದವು. ಇವನ್ನು ಶಾಸಕರ ಮೂಲಕ ವಿಧಾನಸಭೆಯಲ್ಲೋ ವಿಧಾನ ಪರಿಷತ್ತಿನಲ್ಲೋ ಕೇಳಿಸಬೇಕು. ಬೆಂಬಲ ಬೆಲೆ ಘೋಷಣೆ, ಆಮದು, ರಫ್ತು, ಕಸ್ಟಮ್ಸ್ ಸುಂಕ, ರೈಲು, ರಾಷ್ಟ್ರೀಯ ಹೆದ್ದಾರಿ ಇವು ಕೇಂದ್ರದವು. ಕೆಲವು ಕಡೆ ಎರಡೂ ಕೂಡಿರುತ್ತವೆ. ಯೂರಿಯಾವನ್ನು ರಾಜ್ಯಕ್ಕೆ ಹಂಚಿಕೆ ಮಾಡುವುದು ಕೇಂದ್ರ, ರಾಜ್ಯದೊಳಗೆ ಜಿಲ್ಲೆ ತಾಲ್ಲೂಕುಗಳಿಗೆ ಹಂಚುವುದು ರಾಜ್ಯ. ಗೊಬ್ಬರ ಸಿಗದಿದ್ದಾಗ ಎರಡೂ ಕಡೆ ಪ್ರಶ್ನೆ ಕೇಳಿಸಿ, ಎರಡು ಉತ್ತರಗಳಲ್ಲಿರುವ ಟನ್ನಿನ ಲೆಕ್ಕವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕೊರತೆ ಎಲ್ಲಿ ಆಯಿತೆಂದು ಗೊತ್ತಾಗುತ್ತದೆ.

ಪ್ರಶ್ನೆಗೂ ಹಂಗಾಮು ಉಂಟು

ರಾಗಿಗೆ ಹಂಗಾಮು ಇರುವಂತೆ ಪ್ರಶ್ನೆಗೂ ಇದೆ. ಸಂಸತ್ತು ವರ್ಷವಿಡೀ ಕೂರುವುದಿಲ್ಲ. ಸಾಮಾನ್ಯವಾಗಿ ಬಜೆಟ್ ಅಧಿವೇಶನ, ಮಳೆಗಾಲದ ಅಧಿವೇಶನ, ಚಳಿಗಾಲದ ಅಧಿವೇಶನ ಎಂದು ಮೂರು ಸಾರಿ ಸೇರುತ್ತದೆ. ನಡುವಿನ ತಿಂಗಳುಗಳಲ್ಲಿ ಸರ್ಕಾರದ ಅಧಿಸೂಚನೆಗಳು ಹೊರಡುತ್ತಲೇ ಇರುತ್ತವೆ, ಪ್ರಶ್ನೆ ಕೇಳಲು ಮಾತ್ರ ಸದನ ಇರುವುದಿಲ್ಲ.

ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಗುಲಾಬಿ ಈರುಳ್ಳಿ ಬೆಳೆಗಾರರಿಗೆ ಇದರ ಬಿಸಿ ಚೆನ್ನಾಗಿ ತಟ್ಟಿದೆ. ಬೆಂಗಳೂರು ರೋಸ್ ಎಂಬ ಈ ತಳಿಗೆ 2015ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಗಡ್ಡೆ ಸಣ್ಣದು, ಘಾಟು ಹೆಚ್ಚು. ನಮ್ಮ ಅಡಿಗೆಮನೆಗಳಲ್ಲಿ ಇದರ ಬಳಕೆ ಕಡಿಮೆ. ಮಲೇಷ್ಯಾ, ಸಿಂಗಪುರ ಮೊದಲಾದ ದೇಶಗಳಿಗೆ ಹಡಗಿನಲ್ಲಿ ಹೋದರೇ ಬೆಳೆದವನಿಗೆ ಬೆಲೆ. ದೇಶದೊಳಗೆ ಈರುಳ್ಳಿ ಬೆಲೆ ಏರಿತೆಂದು ರಫ್ತು ನಿಲ್ಲಿಸಿದಾಗ ದೇಶದವರು ತಿನ್ನದ ಈ ಈರುಳ್ಳಿಯೂ ಅದೇ ಬಲೆಗೆ ಬೀಳುತ್ತದೆ.

2020ರಲ್ಲಿ ಆದದ್ದು ನೋಡಿ. ಆ ವರ್ಷದ ಮಳೆಗಾಲದ ಅಧಿವೇಶನ ಸೆಪ್ಟೆಂಬರ್ 14ರಂದು ಪ್ರಾರಂಭವಾಯಿತು. ಅದೇ ದಿನ ಈರುಳ್ಳಿ ರಫ್ತು ನಿಷೇಧದ ಅಧಿಸೂಚನೆ ಹೊರಟಿತು. ಕೊರೊನಾ ಕಾರಣದಿಂದ ಆ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯನ್ನು ಕೈಬಿಟ್ಟು, ಲಿಖಿತ ಉತ್ತರಗಳನ್ನು ಮಾತ್ರ ಉಳಿಸಿಕೊಂಡಿದ್ದರು. ಎದ್ದು ನಿಂತು ಉಪಪ್ರಶ್ನೆ ಕೇಳುವ ಅವಕಾಶ ಯಾರಿಗೂ ಇರಲಿಲ್ಲ. 2021ರ ನವೆಂಬರ್‌ನಲ್ಲಿ ರದ್ದಾದ ಮೂರು ಕೃಷಿ ಕಾಯಿದೆಗಳ ಮಸೂದೆಗಳು ಅಂಗೀಕಾರವಾದದ್ದೂ ಅದೇ ಅಧಿವೇಶನದಲ್ಲಿ. ಗುಲಾಬಿ ಈರುಳ್ಳಿಗೆ ಅಕ್ಟೋಬರ್‌ನಲ್ಲಿ 10,000 ಟನ್ನಿನ ಮಿತಿಯಲ್ಲಿ, ಚೆನ್ನೈ ಬಂದರಿನ ಮೂಲಕ ಕಳಿಸಲು ವಿನಾಯಿತಿ ಸಿಕ್ಕಿತು.

2023ರಲ್ಲಿ ಮತ್ತೆ ಅದೇ ಕಥೆ. ಮಳೆಗಾಲದ ಅಧಿವೇಶನ ಆಗಸ್ಟ್ 11ರಂದು ಮುಗಿಯಿತು. ಎಂಟು ದಿನ ಕಳೆದು, ಆಗಸ್ಟ್ 19ರಂದು, ಎಲ್ಲ ಈರುಳ್ಳಿಯ ಮೇಲೂ ಶೇಕಡಾ 40 ರಫ್ತು ಸುಂಕ ಬಿತ್ತು. ಸೆಪ್ಟೆಂಬರ್ 18ರಿಂದ ವಿಶೇಷ ಅಧಿವೇಶನವೇನೋ ನಡೆಯಿತು, ಆದರೆ ಅದರಲ್ಲಿ ಪ್ರಶ್ನೋತ್ತರ ವೇಳೆ ಇರಲಿಲ್ಲ. ಸೆಪ್ಟೆಂಬರ್ 29ರಂದು ಗುಲಾಬಿ ಈರುಳ್ಳಿಗೆ ಸುಂಕದಿಂದ ವಿನಾಯಿತಿ ದೊರೆಯಿತು. ತಳಿಯೂ ತೂಕವೂ ಸರಿಯಿದೆಯೆಂದು ರಾಜ್ಯದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ಇರಬೇಕೆಂಬುದು ಷರತ್ತು. ಸುಂಕ ಬಿದ್ದಾಗಿನಿಂದ ವಿನಾಯಿತಿ ಬರುವವರೆಗಿನ 41 ದಿನಗಳಲ್ಲಿ ಒಂದು ದಿನವಾದರೂ ಸಂಬಂಧಪಟ್ಟ ಮಂತ್ರಿಗಳನ್ನು ಪ್ರಶ್ನೋತ್ತರ ವೇಳೆಯಲ್ಲಿ ಕೇಳುವಂತಿರಲಿಲ್ಲ. ಕಿತ್ತ ಗಡ್ಡೆ ಅಷ್ಟು ದಿನ ಕಾಯುವುದಿಲ್ಲ. ಆ ಡಿಸೆಂಬರ್ 8ರಿಂದ ಎಲ್ಲ ಈರುಳ್ಳಿಯ ರಫ್ತೂ ನಿಂತಿತು. 2024ರ ಮೇ 4ರಂದು ನಿಷೇಧ ತೆಗೆದಾಗ 40ರ ಸುಂಕ ಉಳಿಯಿತು. ಗುಲಾಬಿ ಈರುಳ್ಳಿಗೆ ಅದೇ ತಿಂಗಳ ಕೊನೆಯಲ್ಲಿ ಮತ್ತೆ ವಿನಾಯಿತಿ ಕೊಟ್ಟರು. ಉಳಿದ ಈರುಳ್ಳಿಯ ಸುಂಕ ಸೆಪ್ಟೆಂಬರ್‌ನಲ್ಲಿ ಶೇಕಡಾ 20ಕ್ಕೆ ಇಳಿದು, 2025ರ ಏಪ್ರಿಲ್ 1ರಿಂದ ಪೂರ್ಣ ರದ್ದಾಯಿತು.

ಇದರಿಂದ ಕಲಿಯಬೇಕಾದ ಪಾಠವೆಂದರೆ, ಕಷ್ಟ ಬಂದ ಮೇಲೆ ಪ್ರಶ್ನೆ ಹುಡುಕಿದರೆ ತಡವಾಗುತ್ತದೆ. "ರಫ್ತು ನಿರ್ಬಂಧ ಹಾಕುವಾಗ ಗುಲಾಬಿ ಈರುಳ್ಳಿಯನ್ನು ಮೊದಲೇ ಹೊರಗಿಡಲು ಶಾಶ್ವತ ಏರ್ಪಾಡು ಇದೆಯೇ?" ಎಂಬ ಪ್ರಶ್ನೆಯನ್ನು ಬೆಲೆ ಚೆನ್ನಾಗಿರುವಾಗಲೇ ಕೇಳಿಸಿ ಉತ್ತರ ಪಡೆದಿಟ್ಟುಕೊಳ್ಳಬೇಕು. ಅಧಿವೇಶನದ ದಿನಾಂಕ ಪತ್ರಿಕೆಯಲ್ಲಿ ಬಂದ ಕೂಡಲೇ ಎಂಪಿಯವರಿಗೆ ಕಾಗದ ಹೋಗಬೇಕು. ನೋಟಿಸಿಗೆ 15 ದಿನ ಬೇಕೆಂಬುದನ್ನು ಮರೆಯಬಾರದು.

ಉತ್ತರವನ್ನು ಜರಡಿ ಹಿಡಿದು ಓದಿ

ಮಂತ್ರಿಗಳ ಉತ್ತರದಲ್ಲಿ ಸಾಮಾನ್ಯವಾಗಿ ಸುಳ್ಳು ಇರುವುದಿಲ್ಲ. ಆದರೆ ಕೇಳದೆ ಇದ್ದದ್ದನ್ನು ಅದು ತಾನಾಗಿ ಹೇಳುವುದೂ ಇಲ್ಲ. ಓದುವಾಗ ಕಾಳು, ಹೊಟ್ಟು ಬೇರೆ ಮಾಡಬೇಕು.

ಬೆಂಬಲ ಬೆಲೆ ಖರ್ಚಿನ ಒಂದೂವರೆ ಪಟ್ಟು ಎಂದು ಸದನದಲ್ಲಿ ಹಲವು ಸಾರಿ ಉತ್ತರ ಬಂದಿದೆ. 2024-25ನೇ ಸಾಲಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,290 ರೂಪಾಯಿ. ಅದಕ್ಕೆ ಹಿಡಿದ ಖರ್ಚು 2,860 ರೂಪಾಯಿ. ಗುಣಿಸಿ ನೋಡಿದರೆ ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ಖರ್ಚಿನಲ್ಲಿ ಏನೇನು ಸೇರಿದೆ? ಬೀಜ, ಗೊಬ್ಬರ, ಕೂಲಿ, ಇಂಧನ, ಗುತ್ತಿಗೆ ಮುಂತಾಗಿ ಕೈಯಿಂದ ಕೊಟ್ಟ ಹಣ ಮತ್ತು ಮನೆಮಂದಿಯ ದುಡಿಮೆಯ ಬೆಲೆ ಸೇರಿದೆ. ಸ್ವಂತ ಜಮೀನಿನ ಬಾಡಿಗೆ, ಹೂಡಿದ ಸ್ವಂತ ಬಂಡವಾಳದ ಬಡ್ಡಿ ಸೇರಿಲ್ಲ. ಅವನ್ನೂ ಕೂಡಿಸಿದ ಖರ್ಚಿಗೆ 'ಸಿ-2' ಎನ್ನುತ್ತಾರೆ. ರೈತ ಸಂಘಟನೆಗಳು ಕೇಳುತ್ತಿರುವುದು ಸಿ-2ರ ಮೇಲೆ ಒಂದೂವರೆ ಪಟ್ಟು. ಆದ್ದರಿಂದ "ಒಂದೂವರೆ ಪಟ್ಟು ಕೊಡುತ್ತೀರಾ?" ಎಂದು ಕೇಳಿದರೆ "ಹೌದು" ಎಂಬ ಉತ್ತರ ಬರುತ್ತದೆ. "ಯಾವ ಖರ್ಚಿನ ಮೇಲೆ? ಸಿ-2 ಎಷ್ಟು? ನಮ್ಮ ಜಿಲ್ಲೆಯಲ್ಲಿ ಆ ಬೆಲೆಗೆ ಎಷ್ಟು ಕ್ವಿಂಟಲು ಖರೀದಿಯಾಯಿತು?" ಎಂದು ಕೇಳಿದರೆ ವಿಷಯ ಹೊರಬರುತ್ತದೆ.

ಅಡಿಕೆ ಬೆಳೆಗಾರರಿಗೆ ಇನ್ನೊಂದು ಉದಾಹರಣೆ ಗೊತ್ತಿದೆ. ಹೊರದೇಶದ ಅಗ್ಗದ ಅಡಿಕೆ ತಡೆಯಲು ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿ 14ರಂದು ಕಿಲೋಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಿದರು. ಅದಕ್ಕೂ ಕೆಲವೇ ತಿಂಗಳ ಹಿಂದೆ, 2022ರ ಸೆಪ್ಟೆಂಬರ್‌ನಲ್ಲಿ, ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಈ ಬೆಲೆಯ ಷರತ್ತಿಲ್ಲದೆ ತರಲು ಅನುಮತಿ ಕೊಟ್ಟಿದ್ದರು. ನಿಯಮ ಕೇಳುವಾಗ ಅದರ ವಿನಾಯಿತಿಯನ್ನೂ ಕೇಳಬೇಕು.

ಉತ್ತರಗಳಲ್ಲಿ ಮೇಲಿಂದ ಮೇಲೆ ಬರುವ ಕೆಲವು ಮಾತುಗಳ ಅರ್ಥ ತಿಳಿದಿದ್ದರೆ ಒಳ್ಳೆಯದು:

"ಇಂಥ ಪ್ರಸ್ತಾವನೆ ಇಲ್ಲ." - ಸದ್ಯಕ್ಕೆ ಆಗುವುದಿಲ್ಲ ಎಂದೇ ತಿಳಿಯಿರಿ. ಕಾರಣವೇನೆಂದು ಮುಂದಿನ ಪ್ರಶ್ನೆ ಹಾಕಿಸಬಹುದು.

"ಇದು ರಾಜ್ಯದ ವಿಷಯ." - ನಿಮ್ಮ ಕಾಗದ ಬೆಂಗಳೂರಿಗೆ ಹೋಗಬೇಕಿತ್ತು.

"ಪರಿಶೀಲನೆಯಲ್ಲಿದೆ." "ಮಾಹಿತಿ ಸಂಗ್ರಹಿಸಲಾಗುತ್ತಿದೆ." - ಇವು ಜಾರಿಕೆಯ ಮಾತಿನಂತೆ ಕಂಡರೂ ಬಹಳ ಬೆಲೆಯುಳ್ಳವು. ಏಕೆಂದು ಮುಂದೆ ಹೇಳಿದೆ.

"ಪ್ರಶ್ನೆ ಉದ್ಭವಿಸುವುದಿಲ್ಲ." - ಮೊದಲ ಭಾಗಕ್ಕೆ 'ಇಲ್ಲ' ಎಂದಾಗ ಉಳಿದ ಭಾಗಗಳಿಗೆ ಈ ಉತ್ತರ ಬರುತ್ತದೆ. ಪ್ರಶ್ನೆಯ ಮೊದಲ ಭಾಗವನ್ನು ಜೋಪಾನವಾಗಿ ಬರೆಯಬೇಕೆಂಬುದಕ್ಕೆ ಇದೇ ಕಾರಣ.

"ದಾಖಲೆ ಇಲ್ಲ." - 2021ರ ಚಳಿಗಾಲದ ಅಧಿವೇಶನದಲ್ಲಿ, ಕೃಷಿ ಕಾಯಿದೆಗಳ ವಿರುದ್ಧ ನಡೆದ ಚಳವಳಿಯಲ್ಲಿ ಸತ್ತ ರೈತರೆಷ್ಟು, ಅವರ ಕುಟುಂಬಗಳಿಗೆ ಪರಿಹಾರವುಂಟೇ ಎಂದು ಲೋಕಸಭೆಯಲ್ಲಿ ಕೇಳಿದ್ದರು. ಸತ್ತವರು 700ಕ್ಕೂ ಹೆಚ್ಚು ಎಂದು ರೈತ ಸಂಘಟನೆಗಳು ಹೇಳುತ್ತಿದ್ದವು. ಕೃಷಿ ಖಾತೆಯಲ್ಲಿ ಇದರ ದಾಖಲೆ ಇಲ್ಲ, ಆದ್ದರಿಂದ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ ಎಂದು ಲಿಖಿತ ಉತ್ತರ ಬಂತು. ಆಲಿಕಲ್ಲು ಮಳೆಗೆ ಬೆಳೆ ಹೋದಾಗ, ಗೋದಾಮಿನಲ್ಲಿ ತೂಕ ಕಡಿಮೆ ಬಂದಾಗ, ಬೀಜ ಮೊಳೆಯದಾಗ ಬಾಯಿಮಾತಿನಲ್ಲಿ ದೂರಿ ಸುಮ್ಮನಾಗಬಾರದೆಂದು ನಾವು ಹಳ್ಳಿಹಳ್ಳಿಯಲ್ಲಿ ಹೇಳುವುದು ಇದಕ್ಕಾಗಿಯೇ. ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕಚೇರಿಯ ಕಡತದಲ್ಲಿ ಬಾರದ ನಷ್ಟ ದೆಹಲಿಯ ಉತ್ತರದಲ್ಲೂ ಬರುವುದಿಲ್ಲ.

ಭರವಸೆ ಕೊಟ್ಟರೆ ಬೆನ್ನು ಬಿಡಬೇಡಿ

"ಪರಿಶೀಲನೆಯಲ್ಲಿದೆ", "ಮಾಹಿತಿ ಸಂಗ್ರಹಿಸಿ ಸದನದ ಮುಂದಿಡಲಾಗುವುದು" ಎಂದು ಮಂತ್ರಿಗಳು ಹೇಳಿದರೆ ಅದನ್ನು ಸದನಕ್ಕೆ ಕೊಟ್ಟ ಭರವಸೆ ಎಂದು ಪರಿಗಣಿಸುತ್ತಾರೆ. ಅದನ್ನು ಮೂರು ತಿಂಗಳೊಳಗೆ ಈಡೇರಿಸಬೇಕು. ಈಡೇರಿತೋ ಇಲ್ಲವೋ ಎಂದು ನೋಡಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ಲೋಕಸಭೆಯಲ್ಲಿ ಇದು 1953ರಿಂದ, ರಾಜ್ಯಸಭೆಯಲ್ಲಿ 1972ರಿಂದ ಕೆಲಸ ಮಾಡುತ್ತಿದೆ. ತಡವಾದರೆ ಖಾತೆಯವರು ಸಮಿತಿಯಿಂದ ಹೆಚ್ಚಿನ ಕಾಲಾವಕಾಶ ಕೇಳಬೇಕು. ಆದ್ದರಿಂದ ಇಂಥ ಉತ್ತರ ಬಂದ ದಿನಾಂಕವನ್ನು ಗುರುತು ಹಾಕಿಟ್ಟು, ಮೂರು ತಿಂಗಳು ಕಳೆದ ಮೇಲೆ ಎಂಪಿಯವರಿಗೆ ನೆನಪಿನ ಕಾಗದ ಬರೆಯಿರಿ.

ಉತ್ತರ ಸಾಲದೆಂದು ಕಂಡರೆ ಲೋಕಸಭೆಯಲ್ಲಿ ಅರ್ಧ ಗಂಟೆಯ ಚರ್ಚೆಗೆ ಸದಸ್ಯರು ನೋಟಿಸು ಕೊಡಬಹುದು. ರೈತರ ಕೈಯಲ್ಲೇ ಇರುವ ಇನ್ನೊಂದು ಸಾಧನ 2005ರ ಮಾಹಿತಿ ಹಕ್ಕು ಕಾಯಿದೆ. ಸಂಸತ್ತಿಗೋ ರಾಜ್ಯದ ಶಾಸನಸಭೆಗೋ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸಬಾರದು ಎಂದು 2025ರವರೆಗೆ ಆ ಕಾಯಿದೆಯ 8ನೇ ಕಲಮಿನಲ್ಲಿಯೇ ಹೇಳಿತ್ತು. ಸದನದ ಉತ್ತರದಲ್ಲಿ ರಾಜ್ಯದ ಒಟ್ಟು ಅಂಕಿ ಮಾತ್ರ ಇದ್ದರೆ ನಿಮ್ಮ ತಾಲ್ಲೂಕಿನ ಅಂಕಿಯನ್ನು ಈ ಕಾಯಿದೆಯಡಿ ಅರ್ಜಿ ಹಾಕಿ ಪಡೆಯಬಹುದು.

ಪ್ರಶ್ನೆ ಬರೆಯುವ ಕ್ರಮ

"ತೊಗರಿಗೆ ಬೆಲೆ ಇಲ್ಲ, ರೈತ ಸಾಯುತ್ತಿದ್ದಾನೆ, ಸರ್ಕಾರ ಏನು ಮಾಡುತ್ತಿದೆ?" ಎಂದು ಬರೆದರೆ ನೋವು ತಿಳಿಯುತ್ತದೆ, ಪ್ರಶ್ನೆಯಾಗುವುದಿಲ್ಲ. ಸರ್ಕಾರ ಕೈಗೊಂಡ ಕ್ರಮಗಳ ಉದ್ದ ಪಟ್ಟಿ ಉತ್ತರವಾಗಿ ಬರುತ್ತದೆ. ಅದನ್ನೇ ಕಲಬುರಗಿ ಕಡೆಯ ಬೆಳೆಗಾರರು ಹೀಗೆ ಬರೆಯಬಹುದು:

ವಾಣಿಜ್ಯ ಸಚಿವರು ಈ ಕೆಳಗಿನ ವಿವರಗಳನ್ನು ತಿಳಿಸುವರೇ:
(ಅ) 2021ರ ಮೇ 15ರಂದು ತೊಗರಿಯ ಆಮದನ್ನು ಮುಕ್ತಗೊಳಿಸಿದ ನಂತರ ವರ್ಷವಾರು, ದೇಶವಾರು ಎಷ್ಟು ಟನ್ ಆಮದಾಗಿದೆ;
(ಆ) ಅದರಲ್ಲಿ ಸುಗ್ಗಿಯ ಕಾಲವಾದ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬಂದದ್ದೆಷ್ಟು;
(ಇ) ಸುಗ್ಗಿಯ ತಿಂಗಳುಗಳಲ್ಲಿ ಆಮದನ್ನು ನಿಯಂತ್ರಿಸುವ ಪ್ರಸ್ತಾವನೆ ಇದೆಯೇ;
(ಈ) ಇದ್ದರೆ ಎಂದಿನಿಂದ, ಇಲ್ಲದಿದ್ದರೆ ಕಾರಣಗಳೇನು?

ಇಲ್ಲಿ ಬೈಗುಳವಿಲ್ಲ, ಬೇಡಿಕೆಯೂ ಇಲ್ಲ. ಪ್ರತಿ ಭಾಗಕ್ಕೂ ಅಂಕಿಯೋ, ಹೌದು ಅಥವಾ ಇಲ್ಲ ಎಂಬುದೋ ಬರಲೇಬೇಕು. ಬೆಂಬಲ ಬೆಲೆಯ ಖರೀದಿ ಕುರಿತು ಕೃಷಿ ಸಚಿವರಿಗೆ ಇನ್ನೊಂದು ಪ್ರಶ್ನೆ ಬೇರೆಯಾಗಿ ಕೊಡಿ. ಎರಡನ್ನೂ ಒಂದೇ ಪ್ರಶ್ನೆಯಲ್ಲಿ ತುರುಕಬೇಡಿ.

ರೈತರು ಗಮನದಲ್ಲಿಡಬೇಕಾದ ಇತರ ಅಂಶಗಳು:

1. ಒಬ್ಬೊಬ್ಬರೇ ಬರೆಯುವುದಕ್ಕಿಂತ ಸಹಕಾರ ಸಂಘ, ರೈತ ಉತ್ಪಾದಕರ ಕಂಪನಿ ಅಥವಾ ಬೆಳೆಗಾರರ ಸಂಘದ ಪರವಾಗಿ ಬರೆಯಿರಿ. ಮಂಡಿಯ ಬಿಲ್ಲು, ಅಧಿಸೂಚನೆಯ ದಿನಾಂಕ ಮುಂತಾದ ಆಧಾರ ಲಗತ್ತಿಸಿ.

2. ಕರ್ನಾಟಕಕ್ಕೆ ಲೋಕಸಭೆಯಲ್ಲಿ 28, ರಾಜ್ಯಸಭೆಯಲ್ಲಿ 12 ಸ್ಥಾನಗಳಿವೆ. ನಿಮ್ಮ ಕ್ಷೇತ್ರದವರನ್ನೇ ಕೇಳಬೇಕೆಂಬ ನಿಯಮವಿಲ್ಲ. ನಿಮ್ಮ ಎಂಪಿ ಮಂತ್ರಿಯಾಗಿದ್ದರೆ ಅವರು ಪ್ರಶ್ನೆ ಕೇಳುವಂತಿಲ್ಲ, ಬೇರೆಯವರಿಗೆ ಬರೆಯಿರಿ. ಪಕ್ಷ ನೋಡಬೇಡಿ, ನಿಮ್ಮ ಬೆಳೆಯ ಜಿಲ್ಲೆಯವರನ್ನು ನೋಡಿ.

3. ಪ್ರಶ್ನೆ ಕೇಳಿಸಲು ಕಾಸು ಖರ್ಚಿಲ್ಲ. ಯಾರಾದರೂ ನಡುವೆ ನಿಂತು ಹಣ ಕೇಳಿದರೆ ಕೊಡಬೇಡಿ. ಪ್ರಶ್ನೆ ಕೇಳಲು ಹಣ ಪಡೆದ ತಪ್ಪಿಗೆ 2005ರ ಡಿಸೆಂಬರ್ 23ರಂದು ಲೋಕಸಭೆಯ 10, ರಾಜ್ಯಸಭೆಯ ಒಬ್ಬ ಸದಸ್ಯರನ್ನು ಸಂಸತ್ತು ಹೊರಹಾಕಿದೆ.

4. ಉತ್ತರಗಳು ಸಂಸತ್ತಿನ ಅಂತರ್ಜಾಲ ತಾಣದಲ್ಲಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ದೊರೆಯುತ್ತವೆ. ಸದಸ್ಯರ ಹೆಸರು, ಖಾತೆ, ವಿಷಯ ಯಾವುದರಿಂದಲಾದರೂ ಹುಡುಕಬಹುದು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದ್ದರೆ ಕಾಲೇಜಿಗೆ ಹೋಗುವ ಮಕ್ಕಳಿಂದ ಅಚ್ಚು ತೆಗೆಸಿ, ಕನ್ನಡದಲ್ಲಿ ಓದಿ ಹೇಳಿಸಿ, ವಾಚನಾಲಯದ ಗೋಡೆಗೆ ಅಂಟಿಸಿಡಿ.

ಪ್ರಶ್ನೆಯ ಬಲವೆಷ್ಟು?

ಪ್ರಶ್ನೆ ಕೇಳಿಸಿದ ಮಾತ್ರಕ್ಕೆ ಮರುದಿನ ಬೆಲೆ ಏರುವುದಿಲ್ಲ. ಗುಲಾಬಿ ಈರುಳ್ಳಿಯ ವಿನಾಯಿತಿಗಾಗಿ ಬೆಳೆಗಾರರು ಕಚೇರಿಯಿಂದ ಕಚೇರಿಗೆ ಮನವಿ ಹಿಡಿದು ಅಲೆದದ್ದೂ ಉಂಟು. ಆದರೆ ಸರಿಯಾದ ಒಂದು ಪ್ರಶ್ನೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಹಳೆಯ ನಿದರ್ಶನವಿದೆ. ಜೀವ ವಿಮಾ ನಿಗಮ ತನ್ನ ಹಣವನ್ನು ಮುಂಧ್ರಾ ಎಂಬ ಉದ್ಯಮಿಯ ಕಂಪನಿಗಳಲ್ಲಿ ತೊಡಗಿಸಿದ್ದರ ಬಗ್ಗೆ 1957ರ ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ ಪ್ರಶ್ನೆ ಬಂತು. ಉತ್ತರ ಸಮಾಧಾನ ತರಲಿಲ್ಲ. ಡಿಸೆಂಬರ್‌ನಲ್ಲಿ ಫಿರೋಜ್ ಗಾಂಧಿಯವರು ಆಳುವ ಪಕ್ಷದಲ್ಲಿದ್ದುಕೊಂಡೇ ವಿಷಯವನ್ನು ಬಿಡಿಸಿಟ್ಟರು. ನ್ಯಾಯಮೂರ್ತಿ ಛಾಗ್ಲಾ ಅವರ ವಿಚಾರಣಾ ಆಯೋಗ ಕೂತಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಮೊದಲ ಉತ್ತರಕ್ಕೆ ಎಲ್ಲರೂ ಸುಮ್ಮನಾಗಿದ್ದರೆ ಇದು ಅಲ್ಲಿಗೇ ನಿಲ್ಲುತ್ತಿತ್ತು.

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬೇಡಿರೆಂದು ನಾವು ಹೇಳುತ್ತೇವೆ. ಬೆಲೆಯ ವಿಷಯದಲ್ಲಿಯೂ ಮೊದಲು ಸತ್ಯಾಂಶ ಕೈಯಲ್ಲಿರಬೇಕು. ಮುಷ್ಕರ ಮಾಡುವುದಾದರೂ, ಮನವಿ ಕೊಡುವುದಾದರೂ, ಮುಂದಿನ ವರ್ಷ ಯಾವ ಬೆಳೆ ಇಡಬೇಕೆಂದು ನಿರ್ಧರಿಸುವುದಾದರೂ ಮಂತ್ರಿಗಳೇ ಸದನದಲ್ಲಿ ಕೊಟ್ಟ ಅಂಕಿ ನಿಮ್ಮ ಬಳಿ ಇದ್ದರೆ ಮಾತಿಗೆ ತೂಕ ಬರುತ್ತದೆ. ರೈತ ಬಾಂಧವರು ಮುಂದಿನ ಅಧಿವೇಶನಕ್ಕೆ ಮುಂಚೆ ವಾಚನಾಲಯದಲ್ಲಿ ಒಂದು ಸಂಜೆ ಸೇರಿ, ತಮ್ಮ ಊರಿನ ಮುಖ್ಯ ಬೆಳೆಯ ಬಗ್ಗೆ ಒಂದೇ ಒಂದು ಪ್ರಶ್ನೆಯನ್ನು ನಾಲ್ಕು ಭಾಗದಲ್ಲಿ ಬರೆದು, ಸಂಘದ ಮೊಹರು ಹಾಕಿ ಅಂಚೆಗೆ ಹಾಕಬೇಕೆಂದು ಕೋರುತ್ತೇನೆ. ಕಳಿಸಿದ ದಿನಾಂಕವನ್ನು ಸಂಘದ ಪುಸ್ತಕದಲ್ಲಿ ಬರೆದಿಡುವುದನ್ನು ಮರೆಯಬೇಡಿ.